ಹಲ್ಲಿನ ಕಾಲಂ

ನಾನು ಇನ್ನೂ ಬದುಕಿದ್ದೇನೆ ಎಂಬುದನ್ನು ಪಿಂಚಣಿ ಕೊಡುವ ಸರ್ಕಾರ ವರ್ಷಕ್ಕೊಮ್ಮೆ ನನ್ನಿಂದಲೇ ಖಚಿತಪಡಿಸಿಕೊಳ್ಳಲು ಇಷ್ಟಪಡುತ್ತದೆ. ಅದಕ್ಕಾಗಿ ಪ್ರತಿ ನವೆಂಬರಿನಲ್ಲಿ ಹೊಳಲ್ಕೆರೆಯಿಂದ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಹೆಬ್ಬೆಟ್ಟು ಒತ್ತಿ, ಜೀವಂತ ಎಂಬ ಚೀಟಿ ಪಡೆದು ಬರುತ್ತೇನೆ. ಈ ಸಲ ಆ ಘನಕಾರ್ಯ ಮುಗಿಸಿ ಸಂಜೆ ಬಸ್ ಸ್ಟಾಂಡಿನ ಕಡೆ ನಡೆಯುತ್ತಿದ್ದಾಗ ರಸ್ತೆಬದಿಯ ತಳ್ಳುಗಾಡಿಯೊಂದರ ಆವಿ ನೇರವಾಗಿ ಬಂದು ಮೂಗಿಗೆ ಬಡಿಯಿತು. ಎಲುಬು ಬೇಯುವ ವಾಸನೆ. ಒದ್ದೆ ಕಂಬಳಿ, ಸುಟ್ಟ ಕೂದಲು, ಹಳೇ ಎಣ್ಣೆ ಮೂರನ್ನೂ ಒಂದೇ ಪಾತ್ರೆಯಲ್ಲಿ ಕುದಿಸಿದಂಥ ವಾಸನೆ. ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡೆ.

"ಬರ್ರಿ ಯಜಮಾನ್ರೇ, ಕುಂತ್ಕಳ್ರಿ," ಎಂದ ಗಾಡಿಯವನು. "ಕಾಲು ಸೂಪು. ಮಂಡಿನೋವಿಗೆ ಒಳ್ಳೇದು. ಎಳೇ ಮರೀದು!"

ಎಳೇ ಮರಿ. ಆ ಎರಡು ಪದಗಳನ್ನು ಐದು ತಿಂಗಳು, ಹದಿನಾಲ್ಕು ಸಲ, ನೀಲಿ ಶಾಯಿಯಲ್ಲಿ ರುಜು ಹಾಕಿ ನಂಬಿದ ಮನುಷ್ಯ ಈ ಜಿಲ್ಲೆಯಲ್ಲಿ ನಾನೊಬ್ಬನೇ.

ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದಾಗ ನನ್ನನ್ನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಿಂದ ಎತ್ತಿ ಮೇಲಿನ ಮಹಡಿಯ ಜೀವಶಾಸ್ತ್ರ ವಿಭಾಗಕ್ಕೆ ಹಾಕಿದರು. ನಾನು ಲ್ಯಾಬ್ ಸಹಾಯಕ. ಮೂವತ್ತು ವರ್ಷ ಆಮ್ಲ, ಕ್ಷಾರ, ಲವಣಗಳ ಜೊತೆ ಸಂಸಾರ ಮಾಡಿದವನು. ಗಂಧಕಾಮ್ಲಕ್ಕೆ ಒಂದು ಮರ್ಯಾದೆ ಇದೆ. ಮೈಮೇಲೆ ಬಿದ್ದರೆ ಸುಡುತ್ತದೆ, ಇಲ್ಲವಾದರೆ ತನ್ನ ಬಾಟಲಿಯಲ್ಲಿ ತಾನಿರುತ್ತದೆ. ಕೊಳೆಯುವುದಿಲ್ಲ, ನೊಣಗಳನ್ನು ಊಟಕ್ಕೆ ಕರೆಯುವುದಿಲ್ಲ. ಮೇಲಿನ ಮಹಡಿಯ ಜೀವನ ಅಂಥದ್ದಲ್ಲ. ಹುಟ್ಟಿದಾಗಿನಿಂದ ಮೊಟ್ಟೆಯ ಸಿಪ್ಪೆಯನ್ನೂ ಮುಟ್ಟದ, ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿಕೊಳ್ಳುವ ನನಗೆ ಅಲ್ಲಿ ವಹಿಸಿದ ಕೆಲಸ ಹೀಗಿತ್ತು: ರಜೆ, ಪರೀಕ್ಷೆ ಇಲ್ಲದ ಪ್ರತಿ ಬುಧವಾರ ಬೆಳಗ್ಗೆ ಆರಕ್ಕೆ ಮಾಂಸದ ಅಂಗಡಿಗೆ ಹೋಗುವುದು, ಆಗತಾನೇ ಕೊಯ್ದ ಕುರಿಮರಿಯ ಎರಡು ತೊಡೆ ಎಲುಬುಗಳನ್ನು ಐಸ್ ಡಬ್ಬದಲ್ಲಿಟ್ಟು ಅರ್ಧ ಗಂಟೆಯೊಳಗೆ ತರುವುದು, ಒಂದನ್ನು ಸಂಶೋಧನೆಗೆ ಒಪ್ಪಿಸಿ, ಇನ್ನೊಂದನ್ನು ಬೇಯಿಸಿ ಶುಚಿಮಾಡಿ ಚೀಟಿ ಕಟ್ಟಿ ಸಾಕ್ಷಿಗೆಂದು ಬೀರುವಿನಲ್ಲಿಡುವುದು, ಮತ್ತು ರಿಜಿಸ್ಟರಿನಲ್ಲಿ ರುಜು ಹಾಕುವುದು. ಕಾಯಂ ನೌಕರನೇ ತರಬೇಕು, ಕಾಯಂ ನೌಕರನೇ ರುಜು ಹಾಕಬೇಕು ಎಂಬ ನಿಯಮವಿತ್ತು. ಆ ಮಹಡಿಯಲ್ಲಿ ಕಾಯಂ ಆಗಿದ್ದವನು ನಾನು ಮತ್ತು ಆ ವಾಸನೆ.

ಸಂಶೋಧನೆ ಸಣ್ಣೀರಮ್ಮನದು. ಹಿರಿಯೂರು ತಾಲ್ಲೂಕು ಆದಿವಾಲದ ಕಡೆಯ ಕುರಿ ಸಾಕುವ ಮನೆಯ ಹುಡುಗಿ, ತನ್ನ ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವಳು, ಪಿಎಚ್.ಡಿ.ಗೆ ಸೇರಿ ಎರಡು ವರ್ಷವಾಗಿತ್ತು. ಮೊದಲ ದಿನವೇ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇಷ್ಟೆಲ್ಲ ಹೇಸಿಗೆ ಯಾವ ಪುಣ್ಯಕಾರ್ಯಕ್ಕಮ್ಮ ಎಂದು ಕೇಳಿದೆ.

"ನಮ್ಮಜ್ಜಿ ಕೊನೆಕೊನೆಗೆ ಜೋರಾಗಿ ಕೆಮ್ಮಿದ್ರೂ ಪಕ್ಕೆ ಮುರೀತಿತ್ತು ಸಾರ್," ಎಂದಳು. "ಎಲುಬು ಅಂದ್ರೆ ಕಲ್ಲಲ್ಲ. ಒಳಗೆ ಕಟ್ಟೋ ಕೋಶನೂ ಅವೆ, ತಿನ್ನೋ ಕೋಶನೂ ಅವೆ. ದಿನಾ ಒಂದಿಷ್ಟು ತಿಂತಾವೆ, ಒಂದಿಷ್ಟು ಕಟ್ತಾವೆ. ತಿನ್ನೋವು ಜಾಸ್ತಿ ಆದ್ರೆ ನಮ್ಮಜ್ಜಿ ಕತೆ."

"ತಿನ್ನುವವನ್ನು ಹುಟ್ಟಿಸುವವರು ಯಾರು?"

"ಅದೇ ಸಾರ್ ನನ್ ಪ್ರಶ್ನೆ. ಮಜ್ಜೆ ಒಳಗೆ ಸಣ್ಣ ಸಣ್ಣ ಕೋಶ ಓಡಾಡ್ಕಂಡಿರ್ತಾವೆ. ಅವೇ ಒಂದಕ್ಕೊಂದು ಕೂಡ್ಕಂಡು ದೊಡ್ಡ ತಿನ್ನೋ ಕೋಶ ಆಗ್ತಾವೆ. ಪಕ್ಕದಾಗೆ ಕಾಂಡಕೋಶ, ಅಂದ್ರೆ ಸ್ಟೆಮ್ ಸೆಲ್ಲು, ಕುಂತಿರ್ತದೆ, ನಮ್ಮ ಹಟ್ಟಿ ಯಜಮಾನ ಕುಂತಂಗೆ. ಕೂಡ್ರಿ ಅಂತ ಹೇಳೋದೂ ಅದೇ, ಬ್ಯಾಡ್ರಲೇ ಸುಮ್ಕಿರ್ರಿ ಅಂತ ಗದರೋದೂ ಅದೇ. ಯಾವಾಗ ಯಾವ್ದು ಹೇಳ್ತದೆ ಅಂತ ನೋಡ್ಬೇಕು."

ಒಂದು ತಟ್ಟೆಯಲ್ಲಿ ಮಜ್ಜೆಯ ಸಣ್ಣ ಕೋಶಗಳನ್ನು ಮಾತ್ರ ಬೆಳೆಸುವುದು, ಇನ್ನೊಂದರಲ್ಲಿ ಅವುಗಳ ಜೊತೆ ಕಾಂಡಕೋಶಗಳನ್ನೂ ಬಿಡುವುದು. ಕೆಲವು ದಿನಗಳ ನಂತರ ಬಣ್ಣ ಹಾಕಿದರೆ ತಿನ್ನುವ ಕೋಶಗಳು ಮಾತ್ರ ಕೆನ್ನೇರಳೆಯಾಗಿ ಕಾಣುತ್ತವೆ, ಎಣಿಸಬಹುದು. ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಒಂದೊಂದರ ಹೊಟ್ಟೆಯಲ್ಲೂ ಐದಾರು ಕಣ್ಣುಗಳಿದ್ದಂತೆ, ಅಂಚು ಹರಿದ, ಉಬ್ಬಿದ ನೇರಳೆ ಕಲೆಗಳು. ಎಲುಬಿನ ಚೂರಿನ ಮೇಲೆ ಅವು ತಿಂದುಬಿಟ್ಟ ಹೊಂಡಗಳು ಹೊಸದುರ್ಗ ರಸ್ತೆಯ ಗಣಿಗುಂಡಿಗಳ ಹಾಗೇ ಇದ್ದವು. ನನ್ನ ಎಲುಬಿನೊಳಗೂ ಈ ಗಳಿಗೆಯಲ್ಲಿ ಇದೇ ಕಾಮಗಾರಿ ನಡೆದಿದೆ ಎಂದು ತಿಳಿದು ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಅಂಗಡಿ ಓಬಣ್ಣನದು. ಒಳ್ಳೆಯ ಮನುಷ್ಯ, ನಗುಮುಖ. ಆದರೆ ಆ ನಗುಮುಖದ ಹಿಂದೆ ಕಬ್ಬಿಣದ ಕೊಕ್ಕೆಗಳಲ್ಲಿ ತೂಗುತ್ತಿದ್ದುದನ್ನೂ, ಮುಂದೆ ಹಲಗೆಯ ಮೇಲೆ ಸಾಲಾಗಿಟ್ಟಿದ್ದ ತಲೆಗಳನ್ನೂ ನೋಡಲು ಬೇರೆ ಜನ್ಮವೇ ಬೇಕು. ನಾಲಗೆ ಅರ್ಧ ಹೊರಗಿಟ್ಟುಕೊಂಡು, ಕಣ್ಣು ಮುಚ್ಚದೆ, ತುಟಿಯ ಮೇಲೆ ನೊಣಗಳ ಸಂತೆ ನೆರೆಸಿಕೊಂಡು ಅವು ನನ್ನನ್ನೇ ನೋಡುತ್ತಿದ್ದವು. ನಾನು ರಸ್ತೆಯ ಕಡೆ ಮುಖ ಮಾಡಿ, ದೂರದ ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ಎಣಿಸುತ್ತಾ ಡಬ್ಬವನ್ನು ಬೆನ್ನ ಹಿಂದಿನಿಂದ ಒಡ್ಡುತ್ತಿದ್ದೆ.

"ಓಬಣ್ಣ, ವಯಸ್ಸೆಷ್ಟು?"

"ನಂದಾ ಸ್ವಾಮಿ?"

"ಕುರೀದಪ್ಪ!"

"ಎಳೇ ಮರಿ ಸ್ವಾಮಿ. ಬೆಣ್ಣೆ."

ಅಷ್ಟೇ ನಮ್ಮ ವಿಚಾರಣೆ. ಸಣ್ಣೀರಮ್ಮ ಇದಕ್ಕೆ ಮೊದಲ ಡಬ್ಬ ತರುವ ಮುಂಚೆಯೇ ಆಕ್ಷೇಪ ತೆಗೆದಿದ್ದಳು. "ಅಂಗಡಿಯೋರ ಬಾಯಿ ಕೇಳಬ್ಯಾಡ್ರಿ ಸಾರ್, ಕುರಿ ಬಾಯಿ ನೋಡ್ರಿ. ಕೆಳಗಿನ ತುಟಿ ಹಿಂಗೆ ಎಳೆದ್ರೆ ಸಾಕು. ಬರೀ ಹಾಲುಹಲ್ಲಿದ್ರೆ ಮರಿ. ಮುಂದ್ಲವೆರಡು ದೊಡ್ಡವು ಬಂದಿದ್ರೆ ವರ್ಷ ದಾಟೈತೆ. ಎಂಟೂ ಬಂದಿದ್ರೆ ಬಾಯಿ ಕೂಡ್ತು ಅಂತ, ವಯಸ್ಸಾದ ಕುರಿ. ನನಗೆ ಹಾಲುಹಲ್ಲಿಂದೇ ಬೇಕು." ಹೀಗೆ ಹೇಳಿ ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಹೊಸದೊಂದು ಕಾಲಂ ಮಾಡಿ, ಮೇಲೆ 'ಹಲ್ಲು' ಎಂದು ಬರೆದಳು.

ಅದರ ಮುಂದಿನ ಬುಧವಾರ ಡಬ್ಬ ಕೊಟ್ಟಾಗ, "ನೋಡಿದ್ರಾ ಸಾರ್?" ಎಂದಳು.

"ನೋಡಿದೆ," ಎಂದೆ.

ಇಷ್ಟು ಸಣ್ಣ ಸುಳ್ಳನ್ನು ನಾನು ಅದಕ್ಕೂ ಮುಂಚೆ ಎಷ್ಟೋ ಸಲ ಹೇಳಿರಬಹುದು. ಆದರೆ ಅದಕ್ಕೊಂದು ಕಾಲಂ ಇರಲಿಲ್ಲ. 'ಹಾಲುಹಲ್ಲು' ಎಂದು ಬರೆದು ರುಜು ಹಾಕಿದೆ. ಬರಹ ಬಹಳ ದುಂಡಗಿತ್ತು. ಸತ್ತ ಕುರಿಯ ಬಾಯಿಗೆ ಬೆರಳು ಹಾಕುವುದು ನನ್ನ ಕುಲ, ವಯಸ್ಸು, ಸೇವಾ ಹಿರಿತನ ಯಾವುದಕ್ಕೂ ಒಪ್ಪುವ ಕೆಲಸವಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಮುಂದಿನ ವಾರದಿಂದ ಅವಳು ಕೇಳುವುದನ್ನೂ ಬಿಟ್ಟಳು. ಬರೆದಿದ್ದೇನಲ್ಲ, ಸಾಕು.

ಆಷಾಢ ಬಂತು. ಚಿತ್ರದುರ್ಗದಲ್ಲಿ ಆಷಾಢವೆಂದರೆ ಮಳೆಗಿಂತ ಗಾಳಿ. ಕೋಟೆಯ ಬಂಡೆಗಳ ನಡುವಿನಿಂದ ನುಗ್ಗಿ, ಕಾಲೇಜಿನ ತಗಡುಗಳನ್ನು ಬಡಿದು, ಮಾಳಿಗೆಯ ಮೇಲೆ ನಾನು ವಿದ್ಯುತ್ ಒಲೆಯಿಟ್ಟು ಬೇಯಿಸುತ್ತಿದ್ದ ಎಲುಬಿನ ಆವಿಯನ್ನು ಹೊತ್ತು ಅದು ಎಲ್ಲ ವಿಭಾಗಗಳಿಗೂ ಸಮನಾಗಿ ಹಂಚುತ್ತಿತ್ತು. ಕನ್ನಡ ವಿಭಾಗದವರು ಲಿಖಿತ ದೂರು ಕೊಟ್ಟರು, ಭಾಷೆ ಚೆನ್ನಾಗಿತ್ತು. ನಾನು ಮೂಗಿನ ಮೇಲೆ ಕರ್ಪೂರ ಸವರಿದ ಬಟ್ಟೆ ಕಟ್ಟಿ, ಇಕ್ಕಳದಲ್ಲಿ ಎಲುಬನ್ನೆತ್ತಿ, ತೊಳೆದು ಒಣಗಿಸುತ್ತಿದ್ದೆ. ಎಷ್ಟೋ ವಾರ ಬೆಂದ ಎಲುಬಿನ ತುದಿಯ ಗಿಣ್ಣು ಟೋಪಿಯ ಹಾಗೆ ಕಳಚಿ ಪಾತ್ರೆಯ ತಳದಲ್ಲಿ ಬಿದ್ದಿರುತ್ತಿತ್ತು. ಬೇಯಿಸಿದ್ದು ಹೆಚ್ಚಾಗಿ ಸರ್ಕಾರಿ ಸಾಕ್ಷಿ ಹಾಳಾಯಿತಲ್ಲ ಎಂದು ಹೆದರಿ, ಅದನ್ನು ಗೋಂದು ಹಚ್ಚಿ ಮತ್ತೆ ಅಂಟಿಸಿ, ದಾರ ಸುತ್ತಿ, ಒಣಗಿದ ಮೇಲೆ ದಾರ ಬಿಚ್ಚಿ ಬೀರುವಿನಲ್ಲಿಡುತ್ತಿದ್ದೆ. ಅಂಟಿದ್ದು ಗೊತ್ತೇ ಆಗುತ್ತಿರಲಿಲ್ಲ. ಆ ಕಸುಬಿನ ಬಗ್ಗೆ ನನಗೆ ಗುಟ್ಟಾಗಿ ಹೆಮ್ಮೆಯೂ ಇತ್ತು.

ಇತ್ತ ತಟ್ಟೆಗಳು ಮಾತು ಕೇಳುತ್ತಿರಲಿಲ್ಲ. ಒಂದು ವಾರ ಕಾಂಡಕೋಶ ಬಿಟ್ಟ ತಟ್ಟೆಯಲ್ಲಿ ನೇರಳೆ ಕೋಶಗಳು ಕಡಿಮೆ. ಸಣ್ಣೀರಮ್ಮ ಹಾಡು ಗುನುಗುತ್ತಾ ಗಾಜು ತೊಳೆಯುತ್ತಿದ್ದಳು. ಮುಂದಿನ ವಾರ ಅದೇ ದ್ರಾವಣ, ಅದೇ ಕೈ, ನೇರಳೆ ಕೋಶಗಳು ದುಪ್ಪಟ್ಟು. ಅವಳ ಮಾರ್ಗದರ್ಶಕರಾದ ಪ್ರೊಫೆಸರು, ಎಳೆಯ ಕಾಂಡಕೋಶಗಳು ಎಲುಬು ತಿನ್ನುವ ಕೋಶಗಳ ಹುಟ್ಟನ್ನು ತಡೆಯುತ್ತವೆ ಎಂಬ ಪ್ರಬಂಧದ ಕೊನೆಯ ಪುಟವನ್ನು ಮೊದಲೇ ಬರೆದಿಟ್ಟಿದ್ದರು. ನಡುವಿನ ಪುಟಗಳನ್ನು ತುಂಬಿಸಿಕೊಡುವುದಷ್ಟೇ ಹುಡುಗಿಯ ಕೆಲಸ. ಅವರ ಕೈಗಳಲ್ಲಿ ಸದಾ ಮಲ್ಲಿಗೆ ವಾಸನೆಯ ಸ್ಯಾನಿಟೈಸರು. ಒಂದು ಮಧ್ಯಾಹ್ನ, ನಾನು ಕೋಣೆಯಲ್ಲಿ ಗಾಜು ಒರೆಸುತ್ತಿದ್ದಾಗಲೇ, ಅವಳ ನೋಟ್‌ಬುಕ್ ಮುಚ್ಚಿ ಆ ಕೈಗಳನ್ನು ಉಜ್ಜಿಕೊಳ್ಳುತ್ತಾ ಹೇಳಿದರು:

"ತಪ್ಪು ನಿನ್ನದಲ್ಲಮ್ಮ. ಕುರಿ ಮೇಯಿಸಿದ ಕೈ. ಸೂಕ್ಷ್ಮ ಕೆಲಸ ಒಂದೇ ತಲೆಮಾರಿಗೆ ಬರೋಲ್ಲ. ಕೆಟ್ಟ ತಟ್ಟೆ ಆರಿವೆ, ತೆಗೆದುಬಿಡು. ಎಂಟು ಸಾಕು. ಸೋಮವಾರದೊಳಗೆ ಮಾಡ್ಲಿಲ್ಲ ಅಂದ್ರೆ, ಅಭ್ಯರ್ಥಿ ಅಸಮರ್ಥಳು ಅಂತ ಬರೆದು ಕಳಿಸ್ತೀನಿ."

ಓಬಣ್ಣನ ಅಂಗಡಿಯ ಯಾವ ತಲೆಯನ್ನು ಕಂಡಾಗಲೂ ಬಾರದಷ್ಟು ವಾಕರಿಕೆ ನನಗೆ ಆ ಮಲ್ಲಿಗೆಯ ವಾಸನೆಗೆ ಬಂತು. ಆದರೂ ನಾನು ಗಾಜು ಒರೆಸುತ್ತಲೇ ಇದ್ದೆ.

ಅವಳು ಹೊರಗೆ ಬಂದು ತನ್ನ ಅಂಗೈಗಳನ್ನು ತಿರುವಿ ತಿರುವಿ ನೋಡಿಕೊಂಡಳು. "ತೆಗೆದ್ಬಿಡ್ತೀನಿ ಸಾರ್. ನನ್ ಕೈಯೇ ಸರಿ ಇಲ್ಲೇನೋ."

ಶನಿವಾರ ಅವಳಪ್ಪ ಕ್ಯಾತಪ್ಪ ಬಂದ. ಮಗಳು ಫೋನಿನಲ್ಲಿ ಅತ್ತದ್ದು ಕೇಳಿ ಕುರಿಗಳನ್ನು ತಮ್ಮನಿಗೆ ಬಿಟ್ಟು, ಹೆಗಲ ಮೇಲಿನ ಕಂಬಳಿ ಸಮೇತ ಬಸ್ಸು ಹತ್ತಿದ್ದ. ಕುರ್ಚಿ ಕೊಟ್ಟರೆ ಕೂರಲಿಲ್ಲ. ವರಾಂಡದ ಗೋಡೆಗೊರಗಿ ನೆಲದಲ್ಲೇ ಕುಂತ. ಇಂಥ ಕೆಲಸ ನೋಡಪ್ಪ ಎಂದು ಸಣ್ಣೀರಮ್ಮ ಬೀರುವಿನಿಂದ ಸಾಕ್ಷಿಯ ಎಲುಬುಗಳನ್ನು ತಂದು ಅವನ ಮುಂದೆ ಹರವಿದಳು. ಹದಿನಾಲ್ಕೂ ಬೆಳ್ಳಗೆ, ಚೀಟಿ ಕಟ್ಟಿಸಿಕೊಂಡು, ಶಾಲೆಯ ಮಕ್ಕಳಂತೆ ಸಾಲಾಗಿ ಮಲಗಿದ್ದವು. ಅವನು ಒಂದನ್ನೆತ್ತಿ ತೂಗಿ ನೋಡಿದ. ಇನ್ನೊಂದನ್ನೆತ್ತಿದ. ಹುಬ್ಬು ಮೇಲೇರಿತು.

"ಏನವ್ವ, ಎಲ್ಲಾ ಮರೀವು ಅಂದೆ?"

"ಹೂನಪ್ಪ, ಎಲ್ಲಾ ಹಾಲುಹಲ್ಲಿನವೇ. ಸಾರ್ ನೋಡೇ ತಂದಿರೋದು."

"ಇದು ಮರೀದಾ? ಇದು ನಾಲ್ಕೈದು ಸೂಲು ಈದಿರೋ ಮುದಿ ಕುರೀದು ಕಣವ್ವ." ಎಂದು ಅದನ್ನು ಎಡಕ್ಕಿಟ್ಟ. ಮುಂದಿನದನ್ನೆತ್ತಿದವನೇ ತುದಿಯನ್ನು ಉಗುರಿನಿಂದ ಕೆರೆದು, ಹೆಬ್ಬೆರಳಿಟ್ಟು ಒತ್ತಿದ. ನನ್ನ ಹೆಮ್ಮೆಯ ಗೋಂದು ಟಪ್ಪೆಂದು ಬಿಟ್ಟಿತು. ಗಿಣ್ಣು ಉರುಳಿ ನನ್ನ ಕಾಲ ಹತ್ತಿರ ಬಂದು ನಿಂತಿತು.

"ಇದಕ್ಕೆ ಯಾರ್ರಿ ಗೋಂದು ಬಳಿದಿದ್ದು?"

"ನಾನೇ," ಎಂದೆ.

"ಯಾಕ್ರಿ ಸ್ವಾಮಿ?"

"ಬೇಯಿಸಿದ್ದು ಜಾಸ್ತಿಯಾಗಿ ಬಿಟ್ಟುಕೊಂಡಿತ್ತು."

ಕ್ಯಾತಪ್ಪ ಕಂಬಳಿಯಿಂದ ಬಾಯಿ ಮುಚ್ಚಿಕೊಂಡು ನಕ್ಕ. ಮರ್ಯಾದಸ್ಥ, ಮುಚ್ಚಿಕೊಂಡೇ ನಕ್ಕ. "ಮರಿ ಎಲುಬು ಬೇಯಿಸಿದ್ರೆ ಗಿಣ್ಣು ಬಿಟ್ಟೇ ಬಿಡ್ತದಲ್ರಿ. ಸೂಪು ಕುಡಿಯೋ ಸಣ್ಣ ಮಕ್ಳಿಗೂ ಗೊತ್ತೈತೆ. ವಯಸ್ಸಾದ ಕುರೀದು ಒಳಗೊಳಗೇ ಬೆಸ್ಕಂಡಿರ್ತದೆ, ಕಲ್ಲಿಂದ ಜಜ್ಜಿದ್ರೂ ಬಿಡಲ್ಲ. ನೀವು ತಿನ್ನೋರಲ್ಲ, ಪಾಪ, ನಿಮಗೆ ಹೆಂಗೆ ಗೊತ್ತಾಗ್ಬೇಕು?"

ಅವನು ಒಂದೊಂದಾಗಿ ಒತ್ತುತ್ತಾ ಎರಡು ಗುಂಪು ಮಾಡಿದ. ಬಲಕ್ಕೆ ಗೋಂದು ಹಚ್ಚಿದವು ಎಂಟು. ಎಡಕ್ಕೆ ಹಚ್ಚದವು ಆರು. ಸಣ್ಣೀರಮ್ಮ ಎರಡು ಗುಂಪನ್ನೂ ಎಣಿಸಿ ನೋಡಿದಳು. ಒಳಗೆ ಓಡಿ ನೋಟ್‌ಬುಕ್ ತಂದಳು. ಎಡಗಡೆಯ ಚೀಟಿಗಳನ್ನು ಒಂದೊಂದಾಗಿ ಓದುತ್ತಾ ಪುಟ ತಿರುವಿದಳು. ತೆಗೆದುಹಾಕಬೇಕಾಗಿದ್ದ ಆರು ತಟ್ಟೆಗಳು ಯಾವುವೋ ಆ ಆರು ಎಲುಬುಗಳೂ ಅವೇ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಅವಳ ಕೈ ಸರಿಯಿತ್ತು. ಎಳೆಯ ಕಾಂಡಕೋಶ ಸುಮ್ಕಿರ್ರಿ ಎಂದು ಗದರಿತ್ತು. ವಯಸ್ಸಾದ ಕಾಂಡಕೋಶ ಕೂಡ್ರಿ, ತಿನ್ರಿ ಎಂದಿತ್ತು. ಎರಡನ್ನೂ ಅವಳ ತಟ್ಟೆಗಳು ಐದು ತಿಂಗಳಿಂದ ಸ್ಪಷ್ಟವಾಗಿ ಹೇಳುತ್ತಲೇ ಬಂದಿದ್ದವು. ಉಸಿರೆತ್ತದೆ ಸುಳ್ಳು ಹೇಳಿದ್ದು ನನ್ನ ನೀಲಿ ಶಾಯಿ ಮಾತ್ರ. ನಿಜ ಎಂಟು ಸಲ ಪಾತ್ರೆಯ ತಳದಲ್ಲಿ ಕಳಚಿ ಬಿದ್ದರೆ ಅದನ್ನೆತ್ತಿ ಗೋಂದು ಹಚ್ಚಿ ಮುಚ್ಚಿದವನೂ ನಾನೇ.

ಅವಳು ರಿಜಿಸ್ಟರು ತಂದು ನನ್ನ ಮುಂದೆ ಬಿಚ್ಚಿದಳು. ಹಲ್ಲಿನ ಕಾಲಮ್ಮಿನಲ್ಲಿ ಹದಿನಾಲ್ಕು ಸಲ 'ಹಾಲುಹಲ್ಲು', ಹದಿನಾಲ್ಕು ದುಂಡಗಿನ ರುಜು.

"ನೋಡಿದ್ರಾ ಸಾರ್?"

"ಇಲ್ಲ."

"ಒಂದ್ಸಲನೂ?"

"ಒಂದು ಸಲವೂ ಇಲ್ಲಮ್ಮ."

"ಯಾಕೆ ಸಾರ್?"

"ಅಸಹ್ಯ ಆಗುತ್ತಿತ್ತು."

ಅವಳು ರಿಜಿಸ್ಟರು ಮುಚ್ಚಿದಳು. ಆಮೇಲೆ ಮೆಲ್ಲಗೆ, ಬೈಗುಳದಂತೆಯೂ ಅಲ್ಲದೆ, ಹೇಳಿದಳು: "ಐದು ತಿಂಗ್ಳಿಂದ ನನ್ ಕೈ ಕಂಡ್ರೆ ನನಗೇ ಅಸಹ್ಯ ಆಗ್ತಿತ್ತಲ್ಲ ಸಾರ್."

ಕ್ಯಾತಪ್ಪನಿಗೆ ವಿಷಯ ಪೂರ್ತಿ ತಿಳಿಯದಿದ್ದರೂ ನಗುವುದನ್ನು ನಿಲ್ಲಿಸಿದ್ದ.

ಸೋಮವಾರ ನಾನೇ ಪ್ರೊಫೆಸರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಗಾಬರಿಯಾಗುತ್ತಾರೆ, ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೈ ಉಜ್ಜಿಕೊಂಡರು. "ಬಿಡ್ರೀ, ಮೂರು ತಿಂಗಳಲ್ಲಿ ರಿಟೈರ್ ಆಗೋರು. ಬರೆದದ್ದು ಬರೆದಾಗಿದೆ. ಎಲ್ಲಾ ಹಾಲುಹಲ್ಲು ಅಂತಲೇ ಇರಲಿ. ಆ ಆರು ತಟ್ಟೆ ಹೇಗೂ ಹೋಗುತ್ತಲ್ಲ, ಉಳಿದದ್ದು ನಿಜಾನೇ ಅಲ್ವೇ? ನಿಮಗೂ ತೊಂದರೆ ಇಲ್ಲ, ನಮಗೂ ತೊಂದರೆ ಇಲ್ಲ."

ನನ್ನ ಸುಳ್ಳು ಇಷ್ಟು ಬೇಗ ಯಾರಿಗಾದರೂ ಇಷ್ಟು ಪ್ರಿಯವಾದೀತೆಂದು ನಾನು ಎಣಿಸಿರಲಿಲ್ಲ. ಅದನ್ನು ಅವರ ಮೇಜಿನ ಮೇಲೆ, ಮಲ್ಲಿಗೆಯ ವಾಸನೆಯ ನಡುವೆ, ಮುದ್ದು ಮಾಡಿಸಿಕೊಂಡು ಕುಳಿತಿರುವ ಹಾಗೆ ಕಂಡೆ. ಲ್ಯಾಬಿಗೆ ಬಂದು ರಿಜಿಸ್ಟರಿನ ಹದಿನಾಲ್ಕು ಸಾಲಿಗೂ ಕೆಂಪು ಗೆರೆ ಎಳೆದು, ಪ್ರತಿಯೊಂದರ ಪಕ್ಕ 'ನೋಡಿಲ್ಲ' ಎಂದು ಬರೆದು ರುಜು ಹಾಕಿದೆ. ಅದರ ನಕಲನ್ನು ಪ್ರಾಂಶುಪಾಲರ ಕಚೇರಿಗೆ ಕೊಟ್ಟು ಸೀಲು ಒತ್ತಿಸಿಕೊಂಡೆ. ಸೀಲು ಬಿದ್ದ ಮೇಲೆ ಕಾಗದವನ್ನು ಮುದ್ದು ಮಾಡುವುದು ಕಷ್ಟ. ನನಗೆ ನೋಟಿಸು ಬಂತು, ವಿಚಾರಣೆ ನಡೆಯಿತು, ಬೀಳ್ಕೊಡುಗೆ ಸಮಾರಂಭ ನಡೆಯಲಿಲ್ಲ. ಶಾಲು, ಹಾರ, ನನ್ನ ಸೇವೆಯ ಬಗ್ಗೆ ನಾಲ್ಕು ಜನರ ಸುಳ್ಳು, ಇವು ತಪ್ಪಿದವು. ಸಣ್ಣೀರಮ್ಮನ ಹಳೆಯ ತಟ್ಟೆಗಳು ಯಾವುವೂ ಲೆಕ್ಕಕ್ಕೆ ಬರಲಿಲ್ಲ. ಕುರಿಗಳ ವಯಸ್ಸನ್ನು ಮೊದಲೇ ನೋಡಿ, ಎಳೆಯದು ಬೇರೆ, ಬಾಯಿ ಕೂಡಿದ್ದು ಬೇರೆ ಇಟ್ಟು, ಎಲ್ಲವನ್ನೂ ಮೊದಲಿಂದ ಮಾಡಬೇಕಾಯಿತು. ಅವಳ ಒಂದು ವರ್ಷ ಹೋಯಿತು. ಮುಂದೆ ಪದವಿ ಬಂತು. ವಯಸ್ಸಿನ ವಿಷಯದಲ್ಲಿ ತಮಗೆ ಮೊದಲಿನಿಂದಲೂ ಅನುಮಾನವಿತ್ತೆಂದು ಪ್ರೊಫೆಸರು ಎಲ್ಲೋ ಭಾಷಣ ಮಾಡಿದರಂತೆ.

ಆದರೆ ಎಲುಬು ಬೇಯುವ ವಾಸನೆ ಬಂದಾಗ ನನಗೆ ನೆನಪಾಗುವುದು ಇದ್ಯಾವುದೂ ಅಲ್ಲ, ಆ ಸೋಮವಾರದ ಮುಂದಿನ ಬುಧವಾರ. ಓಬಣ್ಣನ ಅಂಗಡಿಗೆ ಹೋಗಿ, ರಸ್ತೆಗೆ ಬೆನ್ನು ಹಾಕಿ ನಿಂತೆ. ಅವನು ಮಾಮೂಲಿನಂತೆ ಎಳೇ ಮರಿ ಎಂದ.

"ಓಬಣ್ಣ, ಇಷ್ಟು ದಿನ ನನಗೆ ಸುಳ್ಳು ಹೇಳಿದೆಯಲ್ಲಪ್ಪ."

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ಸುಳ್ಳಾ ಸ್ವಾಮಿ? ಅಂಗಡಿ ಮಾತಲ್ವಾ! ಎಲ್ರಿಗೂ ಹಂಗೇ ಅಂತೀನಿ. ತಿನ್ನೋರು ಯಾರೂ ನಂಬಲ್ಲ, ಬಾಯಿ ನೋಡೇ ತಗಂತಾರೆ. ನೀವೊಬ್ರೇ ನಂಬಿದ್ದು."

ನಾನು ಅಂಗಿಯ ತೋಳು ಮಡಿಚಿ, ಹಲಗೆಯ ಮೇಲಿನ ತಲೆಯ ಕೆಳತುಟಿಯೊಳಗೆ ಹೆಬ್ಬೆರಳು ಹಾಕಿದೆ. ಅದು ಇನ್ನೂ ಬೆಚ್ಚಗಿತ್ತು. ಲೋಳೆ ಬೆರಳ ಸಂದಿಗಳಲ್ಲಿ ಇಳಿಯಿತು. ಅರ್ಧ ಅಗಿದ ಹುಲ್ಲು, ರಕ್ತ, ಜೊಲ್ಲು ಎಲ್ಲ ಸೇರಿದ ಹುಳಿ ಉಸಿರೊಂದು, ಉಸಿರೇ ಇಲ್ಲದ ಬಾಯಿಂದ, ನನ್ನ ಮುಖಕ್ಕೆ ಬಂತು. ತುಟಿ ಎಳೆದೆ. ಮುಂದೆ ಎರಡು ಅಗಲ ಹಲ್ಲು, ಪಕ್ಕದಲ್ಲಿ ಅಕ್ಕಿಕಾಳಿನಂಥವು. ಮತ್ತೊಮ್ಮೆ ಎಣಿಸಿದೆ. ಅದು ಬೇಡವೆಂದು ಪಕ್ಕದ ತಲೆಗೆ ಹೋದೆ. ಅಲ್ಲಿ ಎಲ್ಲವೂ ಅಕ್ಕಿಕಾಳು. ಡಬ್ಬ ತುಂಬಿಸಿಕೊಂಡು ಮೋರಿಯ ಪಕ್ಕ ಹೋಗಿ, ಬೆಳಗಿನ ಕಾಫಿಯನ್ನು ಅಲ್ಲಿಗೆ ಒಪ್ಪಿಸಿದೆ. ಓಬಣ್ಣ ಚೊಂಬಿನಲ್ಲಿ ನೀರು ತಂದ. ಬಾಯಿ ತೊಳೆದುಕೊಂಡೆ, ಹೊತ್ತಾಗುತ್ತಿತ್ತು, ಕೈ ತೊಳೆಯಲು ನಿಲ್ಲಲಿಲ್ಲ.

ಲ್ಯಾಬಿನಲ್ಲಿ ಸಣ್ಣೀರಮ್ಮ ಡಬ್ಬ ತೆಗೆದುಕೊಂಡಳು. ನಾನು ಹಲ್ಲಿನ ಕಾಲಮ್ಮಿನಲ್ಲಿ ಬರೆದೆ. ಅಕ್ಷರ ದುಂಡಗೆ ಬರಲಿಲ್ಲ, ಪೆನ್ನು ಜಾರುತ್ತಿತ್ತು.

"ನೋಡಿದ್ರಾ ಸಾರ್?"

"ನೋಡಿದೆ."

ಅವಳು ಆ ಸಾಲನ್ನು ಓದಲಿಲ್ಲ. ನನ್ನ ಬಲಗೈಯನ್ನು ಮಣಿಕಟ್ಟಿನಲ್ಲಿ ಹಿಡಿದೆತ್ತಿ, ಕುರಿಗಾರರು ಮರಿಯ ಬಾಯಿ ಮೂಸುವ ಹಾಗೆ ಹೆಬ್ಬೆರಳನ್ನು ಮೂಸಿ ನೋಡಿದಳು. ಆಮೇಲೆ ನನ್ನ ರುಜುವಿನ ಕೆಳಗೆ, ಇನ್ನೊಂದು ಗೆರೆ ಎಳೆದು, ತನ್ನ ರುಜು ಹಾಕಿದಳು.